ಬ್ಲೂ-ರೇ ಡಿಸ್ಕ್ ಕಂಪ್ಯೂಟರಿನಲ್ಲಿ ಓಡುತ್ತಿಲ್ಲವೇ? ಸಾಫ್ಟ್‌ವೇರ್ ಕಿತ್ತುಹಾಕುವ ಮುಂಚೆ ಇಷ್ಟು ನೋಡಿ

ಡಿಸ್ಕ್ ಹಾಕುತ್ತೀರಿ. ಡ್ರೈವ್ ಸುಯ್ಯೆಂದು ಸುತ್ತುತ್ತದೆ, ಪ್ಲೇಯರ್ ತೆರೆದುಕೊಳ್ಳುತ್ತದೆ, ಆಮೇಲೆ ಪರದೆ ಕಪ್ಪಗೇ ಉಳಿಯುತ್ತದೆ. ಇಲ್ಲವೇ ತಲೆಬುಡ ತಿಳಿಯದ ಅಂಕಿಗಳ ಎರರ್ ಒಂದು ಬಂದು ನಿಲ್ಲುತ್ತದೆ. ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ಬ್ಲೂ-ರೇ ವಿಷಯದಲ್ಲಿ ಇದರಿಂದ ಕೆಲಸವಾಗುವುದು ಅಪರೂಪ. ಕೆಲವೊಮ್ಮೆ ಓಡುತ್ತಿದ್ದ ಡಿಸ್ಕೂ ಓಡದಂತಾಗುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ.

ಡಿಸ್ಕಿನಲ್ಲಿರುವ ಸಿನಿಮಾ ನಿಮ್ಮ ಕಣ್ಣಿಗೆ ಬೀಳಬೇಕಾದರೆ ಡ್ರೈವ್, ವಿಂಡೋಸ್, ಪ್ಲೇಯರ್, ಗ್ರಾಫಿಕ್ಸ್ ಡ್ರೈವರ್, ಕೇಬಲ್, ಮಾನಿಟರ್ ಎಲ್ಲವೂ ಒಂದಾದ ಮೇಲೊಂದು ಸೈ ಅನ್ನಬೇಕು. ಒಂದು ಒಪ್ಪದಿದ್ದರೂ ಮುಗಿಯಿತು. ಆದ್ದರಿಂದ ಮೊದಲ ಕೆಲಸ ರಿಪೇರಿಯಲ್ಲ, ಎಲ್ಲಿ ನಿಂತಿದೆ ಎಂದು ಹುಡುಕುವುದು.

ಶುರುವಿಗೇ ಒಂದು ಮಾತು. ವಿಂಡೋಸ್‌ನ ಯಾವ ಆವೃತ್ತಿಯಲ್ಲೂ ಬ್ಲೂ-ರೇ ಸಿನಿಮಾ ಓಡಿಸುವ ಪ್ಲೇಯರ್ ಜೊತೆಗೇ ಬಂದಿಲ್ಲ. ವಿಂಡೋಸ್ 8ರಿಂದ ಮೀಡಿಯಾ ಪ್ಲೇಯರಿನಲ್ಲಿ ಡಿವಿಡಿ ಓಡಿಸುವುದನ್ನೂ ತೆಗೆದುಹಾಕಿದರು. ಹಾಗಾಗಿ 'ಹೊಸ ಕಂಪ್ಯೂಟರ್, ಹೊಸ ಡ್ರೈವ್, ಆದರೂ ಏನೂ ಬರ್ತಿಲ್ಲ' ಎನ್ನುವವರಲ್ಲಿ ಬಹಳ ಜನಕ್ಕೆ ಬೇಕಾಗಿರುವುದು ರಿಪೇರಿಯಲ್ಲ, ಪ್ಲೇಯರ್ ಸಾಫ್ಟ್‌ವೇರ್.

ಇದು ಬ್ಲೂ-ರೇ ಡ್ರೈವ್ ಹೌದೇ?

ನಗಬೇಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಿಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಾಕ್ಸಿಲ್ಲದ ಡ್ರೈವ್ ತಂದವರಿಗೆ ಈ ಪ್ರಶ್ನೆ ಬೇಕೇ ಬೇಕು. ಡಿವಿಡಿ ರೈಟರ್ ಮತ್ತು ಬ್ಲೂ-ರೇ ಡ್ರೈವ್ ನೋಡಲು ಒಂದೇ ಥರ. ಟ್ರೇಯ ಮೇಲೆ ಬ್ಲೂ-ರೇ ಗುರುತು ಇದೆಯೇ ನೋಡಿ. ಇಲ್ಲವೇ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ/ಸಿಡಿ-ರಾಮ್ ಡ್ರೈವ್‌ಗಳ ಪಟ್ಟಿಯಲ್ಲಿ ಹೆಸರು ಓದಿ. ಸಾಮಾನ್ಯವಾಗಿ ಹೆಸರಿನಲ್ಲಿ 'ಬಿಡಿ' (BD) ಎಂಬ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಅನುಮಾನವಿದ್ದರೆ ಮಾಡೆಲ್ ನಂಬರ್ ಹಾಕಿ ತಯಾರಕರ ಪುಟದಲ್ಲಿ ನೋಡಿ. ಡಿವಿಡಿ ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್, ಬ್ಲೂ-ರೇ ಓದುವುದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ಆ ಲೇಸರೇ ಇಲ್ಲದ ಡ್ರೈವಿಗೆ ಯಾವ ಸಾಫ್ಟ್‌ವೇರ್ ಹಾಕಿದರೂ ಪ್ರಯೋಜನವಿಲ್ಲ.

ಇದರಿಂದಲೇ ಇನ್ನೊಂದು ವಿಷಯ ಹೊರಡುತ್ತದೆ. 'ಡಿವಿಡಿ ಚೆನ್ನಾಗಿ ಓಡುತ್ತೆ, ಅಂದಮೇಲೆ ಡ್ರೈವ್ ಸರಿಯಾಗೇ ಇದೆ' ಎನ್ನುವ ತರ್ಕ ತಪ್ಪು. ಡಿವಿಡಿ ಓಡಿದರೆ ಕೆಂಪು ಲೇಸರ್ ಸರಿಯಿದೆ ಎಂದಷ್ಟೇ ಅರ್ಥ. ಹಳೆಯ ಡ್ರೈವಿನಲ್ಲಿ ನೀಲಿ ಲೇಸರ್ ಸೊರಗಿ ಕೆಂಪು ಮಾತ್ರ ಗಟ್ಟಿಯಾಗಿ ಉಳಿದಿರಬಹುದು.

ಮದುವೆ ಡಿಸ್ಕಿನ ಪರೀಕ್ಷೆ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದು. ಮನೆಯಲ್ಲಿ ಯಾರದಾದರೂ ಮದುವೆಯದೋ ಗೃಹಪ್ರವೇಶದ್ದೋ ವಿಡಿಯೋವನ್ನು ಸ್ಟುಡಿಯೋದವರು ಬ್ಲೂ-ರೇಯಲ್ಲಿ ಕೊಟ್ಟಿದ್ದರೆ ಹುಡುಕಿ ತೆಗೆಯಿರಿ. ಅಂಥ ಡಿಸ್ಕಿಗೂ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಸಿನಿಮಾ ಡಿಸ್ಕಿಗೆ ಎಎಸಿಎಸ್ ಎಂಬ ಗೂಢಲಿಪಿಯ ರಕ್ಷಣೆ ಇರುತ್ತದೆ, ಮದುವೆ ಡಿಸ್ಕಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ.

ಮದುವೆ ಡಿಸ್ಕ್ ಹಾಕಿ, 'ದಿಸ್ ಪಿಸಿ'ಯಲ್ಲಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್' ಒತ್ತಿ. ಬಿಡಿಎಂವಿ ಎಂಬ ಫೋಲ್ಡರ್ ಕಾಣಬೇಕು. ಅದರೊಳಗೆ 'ಸ್ಟ್ರೀಮ್' ಫೋಲ್ಡರ್, ಅದರೊಳಗೆ 'ಎಂ2ಟಿಎಸ್' ಎಂದು ಮುಗಿಯುವ ಫೈಲುಗಳು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ ಮುಖ್ಯ ವಿಡಿಯೋ. ಅದನ್ನು ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಿರಿ.

ಅದು ಸಲೀಸಾಗಿ ಓಡಿ, ಸಿನಿಮಾ ಡಿಸ್ಕ್ ಮಾತ್ರ ಓಡದಿದ್ದರೆ ನಿಮ್ಮ ಡ್ರೈವ್, ವಿಂಡೋಸ್, ಕಂಪ್ಯೂಟರಿನ ತಾಕತ್ತು ಮೂರೂ ಬಹುಮಟ್ಟಿಗೆ ಪಾಸು. ತೊಂದರೆ ಇರುವುದು ಆ ಗೂಢಲಿಪಿ ಬಿಡಿಸುವ ಪ್ಲೇಯರಿನ ಕೀಲಿ, ಕೇಬಲ್-ಮಾನಿಟರಿನ ರಕ್ಷಣೆ, ಅಥವಾ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂದು ಹೇಳುವ ರೀಜನ್ ಕೋಡಿನಲ್ಲಿ. ಮದುವೆ ಡಿಸ್ಕೂ ಓಡದಿದ್ದರೆ, ಆ ದೊಡ್ಡ ಫೈಲನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ನೋಡಿ. ಕಾಪಿ ಒಂದೇ ಜಾಗದಲ್ಲಿ ಪ್ರತಿ ಸಲ ನಿಂತರೆ ಡಿಸ್ಕಿಗೆ ಗೀರು ಬಿದ್ದಿರಬಹುದು. ಎಲ್ಲೆಂದರಲ್ಲಿ ನಿಂತರೆ ಡ್ರೈವ್ ಅಥವಾ ಅದರ ಕರೆಂಟಿನ ಮೇಲೆ ಅನುಮಾನ. ಕಾಪಿಯ ವೇಗವನ್ನೂ ಗಮನಿಸಿ: ಬ್ಲೂ-ರೇ ಸಿನಿಮಾಗೆ ಸೆಕೆಂಡಿಗೆ 54 ಮೆಗಾಬಿಟ್‌ವರೆಗೂ, ಅಂದರೆ ಸುಮಾರು 6.75 ಮೆಗಾಬೈಟ್ ಬೇಕಾಗುತ್ತದೆ. ಡಿವಿಡಿಗೆ 10 ಮೆಗಾಬಿಟ್ಟಿನ ಆಸುಪಾಸು ಸಾಕಿತ್ತು. ಕಾಪಿಯ ವೇಗ ಆ 6.75 ಮೆಗಾಬೈಟಿಗಿಂತ ಕೆಳಗೇ ತೆವಳುತ್ತಿದ್ದರೆ ವಿಡಿಯೋ ತಡವರಿಸಬಹುದು.

ಅಂಥ ಡಿಸ್ಕ್ ಮನೆಯಲ್ಲಿಲ್ಲವೆಂದರೆ ಸ್ನೇಹಿತರ ಮನೆಯಿಂದ ತನ್ನಿ. ಅದೂ ಆಗದಿದ್ದರೆ ಸಿನಿಮಾ ಡಿಸ್ಕನ್ನೇ ಹಾಕಿ ಬಿಡಿಎಂವಿ ಫೋಲ್ಡರ್ ಕಾಣುತ್ತದೆಯೇ ನೋಡಿ. ಕಂಡರೆ ಡ್ರೈವ್ ಡಿಸ್ಕನ್ನು ಗುರುತಿಸುತ್ತಿದೆ ಎಂದಾದರೂ ತಿಳಿಯುತ್ತದೆ.

ಡ್ರೈವೇ ಕಾಣದಿದ್ದರೆ

ಯುಎಸ್‌ಬಿ ಡ್ರೈವಾದರೆ ಮೊದಲು ಕರೆಂಟಿನ ಕಡೆ ನೋಡಿ. ಯುಎಸ್‌ಬಿ 2.0 ಪೋರ್ಟಿನಿಂದ ಸಿಗುವುದು 500 ಮಿಲಿಆಂಪಿಯರ್, 3.0 ಆದರೆ 900. ಡಿಸ್ಕ್ ಸುತ್ತಲು ಶುರುಮಾಡುವ ಗಳಿಗೆಯಲ್ಲಿ ಮೋಟರು ಹೆಚ್ಚು ಎಳೆಯುತ್ತದೆ. ಕರೆಂಟ್ ಸಾಲದಿದ್ದರೆ ಡ್ರೈವ್ ಟಕ್ ಟಕ್ ಎಂದು ನಿಂತು, ಮತ್ತೆ ಸುತ್ತಿ, ಮತ್ತೆ ನಿಲ್ಲುತ್ತದೆ. ಯುಎಸ್‌ಬಿ ಹಬ್ ತೆಗೆದು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ, ಒಂದು ತೂಗಾಡುತ್ತಾ ಇರುವುದು ಚಂದಕ್ಕಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವ್ ಇದೆ, ಆದರೆ ಹಳದಿ ಗುರುತು, ಒಳಗೆ ಕೋಡ್ 19, 39 ಅಥವಾ 41 ಎಂದು ಬರೆದಿದೆ ಎಂದಾದರೆ ಇದು ವಿಂಡೋಸ್‌ನ ಹಳೇ ರೋಗ. ಸಿಡಿ ಬರೆಯುವ ಸಾಫ್ಟ್‌ವೇರ್ ಒಂದನ್ನು ಹಾಕಿ ತೆಗೆದ ಮೇಲೆ ಅದರ ಫಿಲ್ಟರ್ ನಮೂದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗದಲ್ಲಿ, ಉಳಿದುಬಿಟ್ಟಿರುತ್ತದೆ. ಸರಿಪಡಿಸುವುದು ಹೀಗೆ:

1. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಮೊದಲು ಒಂದು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಇದನ್ನು ಬಿಟ್ಟು ರಿಜಿಸ್ಟ್ರಿಗೆ ಕೈಹಾಕಬೇಡಿ.
2. ಸ್ಟಾರ್ಟ್ ಮೆನುವಿನಲ್ಲಿ ರಿಜಿಸ್ಟ್ರಿ ಎಡಿಟರ್ ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ.
3. ಎಡಗಡೆ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಎಂದು ಒಂದರೊಳಗೊಂದು ಇಳಿಯಿರಿ.
4. '4ಡಿ36ಇ965' ಎಂದು ಶುರುವಾಗುವ ಉದ್ದ ಹೆಸರಿನ ಫೋಲ್ಡರ್ ಆರಿಸಿ. ಇದೇ ಥರ ಶುರುವಾಗುವ ಬೇರೆ ಫೋಲ್ಡರುಗಳು ಅಕ್ಕಪಕ್ಕದಲ್ಲೇ ಇವೆ, ಆ '965' ಅನ್ನು ಎರಡು ಸಲ ಓದಿ. ಬಲಗಡೆ 'ಕ್ಲಾಸ್' ಎದುರು 'ಸಿಡಿರಾಮ್' ಎಂದಿದ್ದರೆ ಸರಿಯಾದ ಜಾಗ.
5. ಬಲಗಡೆ 'ಅಪ್ಪರ್ ಫಿಲ್ಟರ್ಸ್', 'ಲೋವರ್ ಫಿಲ್ಟರ್ಸ್' ಎಂಬ ನಮೂದುಗಳಿದ್ದರೆ ಆ ಎರಡನ್ನು ಮಾತ್ರ ಅಳಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಅಳಿಸಿದ ಮೇಲೆ ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಏನಾದರೂ ಕೆಲಸ ನಿಲ್ಲಿಸಿದರೆ ಅದನ್ನು ಮಾತ್ರ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು.

ಹಳೇ ಡಿಸ್ಕ್ ಓಡುತ್ತೆ, ಹೊಸದು ಓಡಲ್ಲ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಡಿವಿಡಿಯ ರಕ್ಷಣೆ 1999ರಲ್ಲೇ ಮುರಿದುಬಿತ್ತು, ಹಾಗಾಗಿ ವಿಎಲ್‌ಸಿಯಂಥ ಉಚಿತ ಪ್ಲೇಯರುಗಳಲ್ಲೂ ಡಿವಿಡಿ ಓಡುತ್ತದೆ. ಆ ಪಾಠ ಕಲಿತು 2006ರಲ್ಲಿ ಬ್ಲೂ-ರೇ ಮಾರುಕಟ್ಟೆಗೆ ಬರುವಾಗ ಎಎಸಿಎಸ್‌ನಲ್ಲಿ ಕೀಲಿ ಬದಲಾಯಿಸುವ ವ್ಯವಸ್ಥೆಯನ್ನೇ ಇಟ್ಟರು. ಪರವಾನಗಿ ಪಡೆದ ಪ್ರತಿ ಪ್ಲೇಯರಿಗೂ ತನ್ನದೇ ಕೀಲಿಗಳಿವೆ. ಯಾವ ಕೀಲಿ ಸೋರಿಹೋದರೂ ಅದಾದ ಮೇಲೆ ಬರುವ ಡಿಸ್ಕುಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. 2007ರಲ್ಲಿ ಕಂಪ್ಯೂಟರ್ ಪ್ಲೇಯರುಗಳ ಕೀಲಿಗಳು ಹೊರಬಿದ್ದು ರದ್ದಾದಾಗ ವಿನ್‌ಡಿವಿಡಿ, ಪವರ್‌ಡಿವಿಡಿ ಬಳಸುತ್ತಿದ್ದವರೆಲ್ಲ ಅಪ್‌ಡೇಟ್ ಹಾಕಿಕೊಳ್ಳಬೇಕಾಯಿತು. ಬೀಗ ಬದಲಾಯಿಸಿದ ಮನೆಗೆ ಹಳೇ ಬೀಗದ ಕೈ ಹಿಡಿದು ಹೋದ ಹಾಗೆ ಇದು. ಸಾಫ್ಟ್‌ವೇರಿನಲ್ಲಿ ಏನೂ ಕೆಟ್ಟಿಲ್ಲ, ಹಳತಾಗಿದೆ ಅಷ್ಟೇ.

ಇದರಲ್ಲೊಂದು ಗುಮ್ಮ ಇದೆ. ಹೊಸ ಡಿಸ್ಕಿನಲ್ಲಿ ರದ್ದಾದ ಸಾಫ್ಟ್‌ವೇರುಗಳ ಪಟ್ಟಿಯೂ ಬರುತ್ತದೆ, ಡ್ರೈವ್ ಅದನ್ನು ತನ್ನ ಮೆಮರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಿಮ್ಮ ಪ್ಲೇಯರ್ ಆ ಪಟ್ಟಿಯಲ್ಲಿದ್ದರೆ ನಿನ್ನೆಯವರೆಗೆ ಓಡುತ್ತಿದ್ದ ಹಳೇ ಡಿಸ್ಕುಗಳೂ ಇಂದಿನಿಂದ ಬಂದ್. ವಿಂಡೋಸ್ ಮರುಸ್ಥಾಪಿಸಿದರೂ ಹೋಗುವುದಿಲ್ಲ, ಯಾಕೆಂದರೆ ಪಟ್ಟಿ ಇರುವುದು ಡ್ರೈವಿನೊಳಗೆ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಡ್ರೈವಿನ ಜೊತೆ ಬಂದ ಸಿಡಿಯಿಂದ ಪ್ಲೇಯರನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಇಷ್ಟು ವರ್ಷ ಹಾಕಿಕೊಂಡ ಅಪ್‌ಡೇಟ್‌ಗಳೆಲ್ಲ ಹೋಗಿ, ಕೀಲಿಗಳು ಆ ಸಿಡಿ ಅಚ್ಚಾದ ಕಾಲಕ್ಕೆ ಹಿಂದೆ ಸರಿಯುತ್ತವೆ. ಆದ್ದರಿಂದ ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ಪ್ಲೇಯರಿನ 'ಅಬೌಟ್' ಕಿಟಕಿ ತೆರೆದು ಆವೃತ್ತಿ ಮತ್ತು ಬಿಲ್ಡ್ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಸಾಫ್ಟ್‌ವೇರಿನ ಒಳಗಿನಿಂದಲೇ ಅಪ್‌ಡೇಟ್ ಹುಡುಕಿ. ಡ್ರೈವಿನ ಜೊತೆ ಉಚಿತವಾಗಿ ಬಂದ ಆವೃತ್ತಿಯಾದರೆ ಸಾಫ್ಟ್‌ವೇರ್ ಕಂಪನಿಯ ಪುಟದ ಅಪ್‌ಡೇಟ್ ಅದಕ್ಕೆ ಹಿಡಿಸದಿರಬಹುದು, ಆಗ ಡ್ರೈವ್ ತಯಾರಕರ ಪುಟದಲ್ಲಿ ನೋಡಿ. ಫೈರ್‌ವಾಲ್ ಅಥವಾ ಆಂಟಿವೈರಸ್ ಪ್ಲೇಯರಿಗೆ ಇಂಟರ್‌ನೆಟ್ ಬಿಡುತ್ತಿಲ್ಲದಿದ್ದರೂ ಅಪ್‌ಡೇಟ್ ಸದ್ದಿಲ್ಲದೆ ನಿಂತಿರುತ್ತದೆ.

ಆವೃತ್ತಿ ತೀರಾ ಹಳೆಯದಾಗಿ ಬೆಂಬಲ ನಿಂತಿದ್ದರೆ ಹೊಸದನ್ನು ದುಡ್ಡು ಕೊಟ್ಟು ಕೊಳ್ಳದೆ ಬೇರೆ ದಾರಿಯಿಲ್ಲ. ಆರ್ಕ್‌ಸಾಫ್ಟ್‌ನ ಟೋಟಲ್‌ಮೀಡಿಯಾ ಥಿಯೇಟರ್ ಇಟ್ಟುಕೊಂಡವರು ಅಪ್‌ಡೇಟಿಗೆ ಕಾಯಬೇಡಿ, ಅದನ್ನು ಕಂಪನಿಯೇ ನಿಲ್ಲಿಸಿ ಬಹಳ ಕಾಲವಾಯಿತು. ಕೊಳ್ಳುವಾಗ ಎಚ್ಚರ: ಒಂದೇ ಹೆಸರಿನಲ್ಲಿ ಎರಡು ಮೂರು ಆವೃತ್ತಿಗಳಿರುತ್ತವೆ, ಅಗ್ಗದ್ದರಲ್ಲಿ ಡಿವಿಡಿ ಮಾತ್ರ ಓಡಬಹುದು. ಉಚಿತ ಟ್ರಯಲ್ಲಿನಲ್ಲಿ ಬ್ಲೂ-ರೇ ಸೌಲಭ್ಯ ಇದೆಯೋ ಇಲ್ಲವೋ ಓದಿಕೊಂಡು ಇಳಿಸಿಕೊಳ್ಳಿ, ಇಲ್ಲದಿದ್ದರೆ ಟ್ರಯಲ್ಲಿನಲ್ಲಿ ಓಡಲಿಲ್ಲವೆಂದು ಡ್ರೈವನ್ನು ಬೈಯುತ್ತಾ ಕೂರುತ್ತೀರಿ.

ವಿಎಲ್‌ಸಿಗೆ ಯಾರೋ ಕೊಟ್ಟ ಕೀಲಿಗಳ ಫೈಲ್ ಸೇರಿಸಿ ಸಿನಿಮಾ ಡಿಸ್ಕ್ ಓಡಿಸುವ ಉಪಾಯ ಅಂತರ್ಜಾಲದಲ್ಲಿ ತುಂಬಾ ಓಡಾಡುತ್ತದೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು ಇಂಥ ರಕ್ಷಣೆ ಮುರಿಯುವುದರ ಬಗ್ಗೆಯೇ ಇದೆ. ಆ ದಾರಿಯನ್ನು ಇಲ್ಲಿ ವಿವರಿಸುತ್ತಿಲ್ಲ.

ಕಪ್ಪು ಪರದೆ, ಅಥವಾ 'ಡಿಸ್‌ಪ್ಲೇ ಬೆಂಬಲಿಸುವುದಿಲ್ಲ' ಎಂಬ ಸಂದೇಶ

ಪ್ಲೇಯರ್ ಡಿಸ್ಕನ್ನು ಓದಿ, ಕೀಲಿ ಹೊಂದಿದ ಮೇಲೂ ಚಿತ್ರ ಬಾರದಿದ್ದರೆ ಅನುಮಾನ ಪಡಬೇಕಾದದ್ದು ಎಚ್‌ಡಿಸಿಪಿ. ಗ್ರಾಫಿಕ್ಸ್ ಕಾರ್ಡಿನಿಂದ ಮಾನಿಟರ್‌ವರೆಗಿನ ದಾರಿಯಲ್ಲಿ ಯಾರೂ ವಿಡಿಯೋ ಕದಿಯದಂತೆ ನೋಡಿಕೊಳ್ಳುವ ಏರ್ಪಾಡು ಇದು. ಎರಡೂ ತುದಿಯ ಸಾಧನಗಳು ಪರಸ್ಪರ ಗುರುತು ಕೇಳುತ್ತವೆ, ಉತ್ತರ ಸರಿಬಾರದಿದ್ದರೆ ಪ್ಲೇಯರ್ ಚಿತ್ರ ಕಳಿಸುವುದಿಲ್ಲ.

ಪತ್ತೆ ಮಾಡುವ ಕ್ರಮ ಸುಲಭ: ಎಲ್ಲವನ್ನೂ ಕಿತ್ತು ಕನಿಷ್ಠಕ್ಕೆ ಇಳಿಸುವುದು. ಕಂಪ್ಯೂಟರ್, ಒಂದೇ ಎಚ್‌ಡಿಎಂಐ ಕೇಬಲ್, ಒಂದೇ ಪರದೆ. ನಡುವಿನ ಸ್ಪ್ಲಿಟರ್, ಸ್ವಿಚ್, ಡಾಕಿಂಗ್ ಸ್ಟೇಷನ್, ಕ್ಯಾಪ್ಚರ್ ಕಾರ್ಡ್ ಎಲ್ಲಾ ಪಕ್ಕಕ್ಕಿಡಿ. ಹಳೇ ಪ್ರೊಜೆಕ್ಟರಿಗೋ ಎರಡನೇ ಮಾನಿಟರಿಗೋ ವಿಜಿಎ ಕೇಬಲ್ ಹೋಗಿದ್ದರೆ ಅದನ್ನೂ ಬಿಚ್ಚಿ. ವಿಜಿಎಯಲ್ಲಿ ಎಚ್‌ಡಿಸಿಪಿ ಎಂಬುದೇ ಇಲ್ಲ. ಡೆಸ್ಕ್‌ಟಾಪ್ ಎರಡೂ ಪರದೆಯಲ್ಲಿ ಒಂದೇ ಥರ ಕಾಣುವ 'ಡ್ಯೂಪ್ಲಿಕೇಟ್' ಕ್ರಮದಲ್ಲಿದ್ದರೆ, ಎಚ್‌ಡಿಸಿಪಿ ಇಲ್ಲದ ಆ ಒಂದು ಪರದೆಯಿಂದ ಸರಿಯಿರುವ ಟಿವಿಯಲ್ಲೂ ಚಿತ್ರ ನಿಲ್ಲಬಹುದು. ವಿಂಡೋಸ್ ಗುಂಡಿಯ ಜೊತೆ 'ಪಿ' ಒತ್ತಿ ಒಂದೇ ಪರದೆ ಆರಿಸಿ. ಹಳೆಯ ಡಿವಿಐ ಮಾನಿಟರುಗಳಲ್ಲಿ ಕೆಲವಕ್ಕೆ ಎಚ್‌ಡಿಸಿಪಿ ಇದೆ, ಕೆಲವಕ್ಕಿಲ್ಲ.

ಇದಾದ ಮೇಲೆ ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್, ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಆನ್‌ಲೈನ್ ಕ್ಲಾಸಿನ ಸ್ಕ್ರೀನ್ ಶೇರಿಂಗ್ ಹಿನ್ನೆಲೆಯಲ್ಲಿ ನಡೆಯುತ್ತಿವೆಯೇ ನೋಡಿ ಮುಚ್ಚಿ. ಗ್ರಾಫಿಕ್ಸ್ ಡ್ರೈವರ್ ವಿಷಯಕ್ಕೆ ಬಂದರೆ, ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಅಸಲಿ ಡ್ರೈವರ್ ಇಲ್ಲವೇ ಇಲ್ಲ. ಇಂಟೆಲ್, ಎನ್‌ವಿಡಿಯಾ, ಎಎಂಡಿ ಪುಟದಿಂದ ತಂದು ಹಾಕಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ ಎಚ್‌ಡಿಸಿಪಿ ಸ್ಥಿತಿ ತೋರಿಸುವ ಪುಟವೇ ಇದೆ, ಊಹೆ ಮಾಡುವ ಬದಲು ಅಲ್ಲಿ ಓದಬಹುದು.

ಅಮೆರಿಕದಿಂದ ಬಂದ ಡಿಸ್ಕ್

ಬ್ಲೂ-ರೇಗೆ ಮೂರು ರೀಜನ್: ಎ, ಬಿ, ಸಿ. ಅಮೆರಿಕ, ಜಪಾನ್ ಎ. ಯುರೋಪ್, ಆಸ್ಟ್ರೇಲಿಯಾ, ಕೊಲ್ಲಿ ರಾಷ್ಟ್ರಗಳು ಬಿ. ಭಾರತ ಸಿ. ಡಲ್ಲಾಸಿನಲ್ಲಿರುವ ಮಗನೋ ದುಬೈಯಲ್ಲಿರುವ ಭಾವನೋ ತಂದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದಿದ್ದರೆ ಕವರಿನ ಹಿಂಬದಿಯಲ್ಲಿ ಈ ಅಕ್ಷರ ಹುಡುಕಿ. ಮೂರೂ ಅಕ್ಷರ ಇದ್ದರೆ ಎಲ್ಲೆಡೆ ಓಡುವ ಡಿಸ್ಕ್, ಕಾರಣ ಬೇರೆ ಇದೆ.

ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ಕಾಣುವ ರೀಜನ್ ಡಿವಿಡಿಗೆ ಮಾತ್ರ ಸಂಬಂಧಿಸಿದ್ದು. ಅದರ ಲೆಕ್ಕ ಬೇರೆ, ಭಾರತ ಅಲ್ಲಿ 5. ಅದನ್ನು ಬದಲಾಯಿಸಲು ಐದೇ ಅವಕಾಶ, ಬ್ಲೂ-ರೇಗಾಗಿ ಅದನ್ನು ಮುಟ್ಟಿ ಹಾಳುಮಾಡಿಕೊಳ್ಳಬೇಡಿ. ಬ್ಲೂ-ರೇ ರೀಜನ್ ಇರುವುದು ಪ್ಲೇಯರ್ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ, ಅಲ್ಲೂ ಬದಲಾವಣೆಗೆ ಮಿತಿ ಇರುತ್ತದೆ. ಅಲ್ಟ್ರಾ ಎಚ್‌ಡಿ, ಅಂದರೆ 4ಕೆ ಡಿಸ್ಕಿಗೆ ರೀಜನ್ ಕೋಡ್ ಇಲ್ಲ.

4ಕೆ ಬ್ಲೂ-ರೇ: ಇಲ್ಲಿ ದುಡ್ಡು ಹಾಕುವ ಮುಂಚೆ ನಿಲ್ಲಿ

ಅಲ್ಟ್ರಾ ಎಚ್‌ಡಿ ಡಿಸ್ಕ್ ಕಂಪ್ಯೂಟರಿನಲ್ಲಿ ಅಧಿಕೃತವಾಗಿ ಓಡಲು ಅದಕ್ಕೆಂದೇ ಪ್ರಮಾಣಿತವಾದ ಡ್ರೈವ್, ಎಚ್‌ಡಿಸಿಪಿ 2.2 ಇರುವ ಪರದೆ, ಜೊತೆಗೆ ಇಂಟೆಲ್ ಪ್ರೊಸೆಸರಿನೊಳಗಿನ ಎಸ್‌ಜಿಎಕ್ಸ್ ಎಂಬ ರಕ್ಷಣಾ ಸೌಲಭ್ಯ ಬೇಕು. ಎಎಂಡಿ ಪ್ರೊಸೆಸರಿನಲ್ಲಿ ಇದು ಯಾವತ್ತೂ ಇರಲಿಲ್ಲ. ಇಂಟೆಲ್ ಕೂಡ 11ನೇ ತಲೆಮಾರಿನ ಕೋರ್ ಪ್ರೊಸೆಸರುಗಳಿಂದ ಅದನ್ನು ತೆಗೆದುಹಾಕಿತು. ಫಲವೇನೆಂದರೆ, ಲಕ್ಷ ರೂಪಾಯಿ ಕೊಟ್ಟು ತಂದ ಹೊಸ ಕಂಪ್ಯೂಟರಿನಲ್ಲಿ ಓಡದ ಡಿಸ್ಕ್ 7ರಿಂದ 10ನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನ ಹಳೇ ಕಂಪ್ಯೂಟರಿನಲ್ಲಿ ಓಡಬಹುದು. ಹೊಸದಕ್ಕಿಂತ ಹಳೆಯದೇ ವಾಸಿ ಅನ್ನಿಸುವ ಪರಿಸ್ಥಿತಿ ತಂತ್ರಜ್ಞಾನದಲ್ಲಿ ಅಪರೂಪ, ಇಲ್ಲಿ ನಿಜವಾಗಿದೆ.

ಹಳೇ ಇಂಟೆಲ್ ಕಂಪ್ಯೂಟರ್ ನಿಮ್ಮಲ್ಲಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ಎಸ್‌ಜಿಎಕ್ಸ್ 'ಎನೇಬಲ್' ಆಗಿದೆಯೇ ನೋಡಿ, ಟಿವಿಯ ಕೇಬಲನ್ನು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿಗೆ ಹಾಕಿ. ಓಡುತ್ತಿರುವ ವ್ಯವಸ್ಥೆಯನ್ನು ವಿಂಡೋಸ್ 11ಕ್ಕೆ ಏರಿಸುವ ಮುಂಚೆ ಹತ್ತು ಸಲ ಯೋಚಿಸಿ. ಪವರ್‌ಡಿವಿಡಿ ತಯಾರಿಸುವ ಸೈಬರ್‌ಲಿಂಕ್‌ನವರ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಅಡ್ವೈಸರ್ ಎಂಬ ಸಣ್ಣ ಉಪಕರಣ ಯಾವ ಭಾಗ ಪಾಸು, ಯಾವುದು ಫೇಲು ಎಂದು ಪಟ್ಟಿ ಮಾಡಿ ತೋರಿಸುತ್ತದೆ. ಹೊಸ ಕಂಪ್ಯೂಟರ್ ಮಾತ್ರ ಇರುವವರಿಗೆ ನನ್ನ ಸಲಹೆ: 4ಕೆ ಡಿಸ್ಕಿಗಾಗಿ ಪ್ರತ್ಯೇಕ ಪ್ಲೇಯರೋ 4ಕೆ ಡಿಸ್ಕ್ ಓಡಿಸುವ ಗೇಮ್ ಕನ್ಸೋಲೋ ತೆಗೆದುಕೊಳ್ಳಿ, ಕಂಪ್ಯೂಟರಿನ ಜೊತೆ ಗುದ್ದಾಡಬೇಡಿ.

ಓಡುತ್ತದೆ, ಆದರೆ ಸರಿಯಾಗಿಲ್ಲ

ಚಿತ್ರ ತಡವರಿಸಿದರೆ ಪ್ಲೇಯರಿನ ಸೆಟ್ಟಿಂಗಿನಲ್ಲಿ 'ಹಾರ್ಡ್‌ವೇರ್ ಆಕ್ಸಿಲರೇಶನ್' (ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವುದು) ಹಾಕಿ. ಹಾಕಿಯೇ ಇದ್ದರೆ ಒಮ್ಮೆ ತೆಗೆದು ನೋಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿ, ಬ್ಯಾಟರಿ ಉಳಿತಾಯದ ಕ್ರಮ ಬಿಡಿಸಿ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಮಾತ್ರ ಸಣ್ಣ ಜರ್ಕ್ ಕಂಡರೆ ಅದು ದೋಷವಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು, ಪರದೆ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಸಲ ಬದಲಾಗುವುದು; ಎರಡೂ ಸಮವಾಗಿ ಹೊಂದುವುದಿಲ್ಲ. ಟಿವಿ 24 ಹರ್ಟ್ಸ್ ಒಪ್ಪುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಬದಲಾಯಿಸಿ.

ಮೆನು ಬರುವಲ್ಲೇ ಡಿಸ್ಕ್ ಸಿಕ್ಕಿಕೊಂಡು ನಿಂತರೆ, ಇಂಟರ್‌ನೆಟ್‌ನಿಂದ ಹೆಚ್ಚುವರಿ ವಿಷಯ ತರುವ ಬಿಡಿ-ಲೈವ್ (BD-Live) ಸೌಲಭ್ಯ ಬಂದ್ ಮಾಡಿ. ಎಷ್ಟೋ ಡಿಸ್ಕುಗಳು ಎಂದೋ ಮುಚ್ಚಿಹೋದ ಸರ್ವರನ್ನು ಹುಡುಕುತ್ತಾ ನಿಂತಿರುತ್ತವೆ.

ಶಬ್ದ ಶುರುವಿನಿಂದಲೇ ಇಲ್ಲವೆಂದರೆ ವಿಂಡೋಸ್‌ನಲ್ಲಿ ಔಟ್‌ಪುಟ್ ಎಚ್‌ಡಿಎಂಐಗೆ ಇದೆಯೋ ಸ್ಪೀಕರಿಗೋ ನೋಡಿ. ಆಪ್ಟಿಕಲ್ ಕೇಬಲಿನಲ್ಲಿ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಹೋಗುವುದಿಲ್ಲ, ಸಾಧಾರಣ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆರಿಸಿ. ಸಿನಿಮಾ ಇಪ್ಪತ್ತು ನಿಮಿಷದ ಹೊತ್ತಿಗೆ ಮೂಕಾಗಿ ಸಿನಾವಿಯಾ ಎಂಬ ಹೆಸರು, ಕೋಡ್ 3 ಬಂದರೆ ಕಂಪ್ಯೂಟರನ್ನು ಬೈಯಬೇಡಿ. ನೀವು ನೋಡುತ್ತಿರುವುದು ನಕಲು ಪ್ರತಿ ಎಂದು ಧ್ವನಿಯೊಳಗಿನ ಗುರುತೇ ಹೇಳುತ್ತಿದೆ.

ಡಿಸ್ಕನ್ನು ಒರೆಸುವುದು

ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಡಿವಿಡಿಯಲ್ಲಿ ಅದು 0.6. ಮೇಲಿನ ಗಟ್ಟಿ ಲೇಪನದಿಂದ ಗೀರು ಸುಲಭಕ್ಕೆ ಬೀಳುವುದಿಲ್ಲ, ಬಿದ್ದರೆ ಉಜ್ಜಿ ಸರಿಮಾಡುವಷ್ಟು ಜಾಗವೂ ಇಲ್ಲ. ಟೂತ್‌ಪೇಸ್ಟ್ ಪ್ರಯೋಗ ಬೇಡವೇ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯುತ್ತದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯನ್ನು ಕೊಂಚ ಒದ್ದೆ ಮಾಡಿ ಮಧ್ಯದಿಂದ ಅಂಚಿಗೆ ನೇರವಾಗಿ ಎಳೆಯಿರಿ, ಸುತ್ತಿಸಿ ಒರೆಸಬೇಡಿ. ಪೂರ್ತಿ ಒಣಗಿದ ಮೇಲೆ ಹಾಕಿ.

ಸಹಾಯ ಕೇಳುವಾಗ

ಇಷ್ಟಾದರೂ ಬಗೆಹರಿಯದೆ ಕಂಪನಿಯ ಸಪೋರ್ಟಿಗೆ ಬರೆಯುವುದಾದರೆ 'ಬ್ಲೂ-ರೇ ಓಡ್ತಿಲ್ಲ' ಎಂಬ ಒಂದು ಸಾಲು ಕಳಿಸಬೇಡಿ, ಅದಕ್ಕೆ ಬರುವ ಉತ್ತರ ಮತ್ತದೇ ಮರು ಇನ್‌ಸ್ಟಾಲ್. ಡ್ರೈವಿನ ಮಾಡೆಲ್, ಪ್ಲೇಯರಿನ ಬಿಲ್ಡ್ ನಂಬರ್, ಗ್ರಾಫಿಕ್ಸ್ ಡ್ರೈವರಿನ ತಾರೀಖು, ಪರದೆಗೆ ಹೋಗಿರುವ ಕೇಬಲ್ ಯಾವುದು, ಎರರಿನ ಅಂಕಿ, ಓಡದ ಡಿಸ್ಕಿನ ಹೆಸರು ಮತ್ತು ಅದು ಬಿಡುಗಡೆಯಾದ ವರ್ಷ, ಓಡುವ ಇನ್ನೊಂದು ಡಿಸ್ಕಿನ ಹೆಸರು ಬರೆಯಿರಿ. ಮದುವೆ ಡಿಸ್ಕಿನ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನೂ ಸೇರಿಸಿದರೆ ಡ್ರೈವ್ ಬದಲಾಯಿಸಿ ಎಂದು ಸುಮ್ಮನೆ ಹೇಳಿ ಕೈತೊಳೆದುಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ.